ಬೆಲೆ ಕಟ್ಟಿದವರು ಅಸಲಿ ಅಂದರಾ?

ಅಟ್ಟದ ಮೇಲೆ ಅಜ್ಜಿ ಕಾಲದ ತಾಮ್ರದ ಚೊಂಬು ಸಿಗುತ್ತೆ ಅಂತಿಟ್ಟುಕೊಳ್ಳಿ. ಯಾರೋ ಬರ್ತಾರೆ, "ಇದು 50 ಲಕ್ಷ ಬಾಳುತ್ತೆ ಸ್ವಾಮಿ" ಅಂತಾರೆ, ಸೀಲು ಹೊಡೆದ ಕಾಗದವನ್ನೂ ಕೈಗಿಡ್ತಾರೆ. ಆ ಕಾಗದದಲ್ಲಿ ಬೆಲೆ ಇದೆ, ಸರಿ. ಚೊಂಬು ನಿಜಕ್ಕೂ ಆ ಕಾಲದ್ದು ಅಂತ ಎಲ್ಲಾದರೂ ಬರೆದಿದೆಯಾ?

ಬೆಲೆ ಕಟ್ಟುವುದು ಬೇರೆ, ಅಸಲಿಯೋ ನಕಲಿಯೋ ಪರೀಕ್ಷೆ ಮಾಡುವುದು ಬೇರೆ. ಬೆಲೆ ಕಟ್ಟುವವರು ಸಾಮಾನ್ಯವಾಗಿ ವಸ್ತು ಅಸಲಿ ಅಂತ ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕ್ತಾರೆ. ವಿಮೆಗೆ ಒಂದು ಬೆಲೆ, ಮಾರಾಟಕ್ಕೆ ಇನ್ನೊಂದು. ಪರೀಕ್ಷೆ ಮಾಡುವವರು ದುಡ್ಡಿನ ಮಾತೇ ಆಡಲ್ಲ. ಲೋಹ ಯಾವುದು, ಉಳಿಯ ಗುರುತು ಹೇಗಿದೆ, ಲಿಪಿ ಯಾವ ಕಾಲದ್ದು, ಇದು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಕೇಳ್ತಾರೆ.

ಕೊಚ್ಚಿಯ ಮಾನ್ಸನ್ ಮಾವುಂಕಲ್ ಪ್ರಕರಣ ನೆನಪಿರಬೇಕು. 2021ರ ಸೆಪ್ಟೆಂಬರ್‌ನಲ್ಲಿ ಕೇರಳ ಕ್ರೈಂ ಬ್ರಾಂಚ್ ಬಂಧಿಸಿತು. ಕೋಟಿಗಟ್ಟಲೆ ವಂಚನೆಯ ದೂರು. ಮನೆಯಲ್ಲಿ ಏನೇನಿತ್ತು ಗೊತ್ತಾ? ಮೋಸೆಸ್‌ನ ಕೋಲಂತೆ! ನಮ್ಮ ಟಿಪ್ಪುವಿನ ಸಿಂಹಾಸನವಂತೆ! ದೊಡ್ಡ ಪೊಲೀಸ್ ಅಧಿಕಾರಿಗಳೇ ಹೋಗಿ ಫೋಟೊ ತೆಗೆಸಿಕೊಂಡಿದ್ದರು. ಶ್ರೀರಂಗಪಟ್ಟಣದ ಯಾವ ಗೈಡನ್ನು ಕೇಳಿದ್ದರೂ ಹೇಳ್ತಿದ್ದ: 1799ರಲ್ಲಿ ಕೋಟೆ ಬಿದ್ದ ಮೇಲೆ ಬ್ರಿಟಿಷರು ಆ ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಅದರ ಚಿನ್ನದ ಹುಲಿತಲೆ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಒಡೆದುಹೋದ ಸಿಂಹಾಸನ ಕೊಚ್ಚಿಗೆ ಇಡಿಯಾಗಿ ಬಂದಿದ್ದು ಹೇಗೆ ಅಂತ ಒಬ್ಬರಾದರೂ ಕೇಳಬಾರದಿತ್ತಾ?

ಅದೇ ಟಿಪ್ಪುವಿನ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡ್‌ಗೆ ಹೋಯಿತು. ಅರಮನೆಯ ಖಾಸಗಿ ಕೋಣೆಯಲ್ಲಿ ಸಿಕ್ಕಿದ್ದು, ಸೈನ್ಯ ಅದನ್ನು ಜನರಲ್ ಬೇರ್ಡ್‌ಗೆ ಕೊಟ್ಟಿದ್ದು, ಈ ಜಾಡಿಗೆ ದಾಖಲೆ ಇತ್ತು. ಆಮೇಲೆ ಬೆಲೆ.

ಇಂಥ ಸುದ್ದಿ ಬಂದ ತಕ್ಷಣ ನಮ್ಮೂರ ದಲ್ಲಾಳಿಗಳು ಮೊಬೈಲಿನಲ್ಲಿ ಲಂಡನ್ ಬೆಲೆ ತೋರಿಸೋಕೆ ಶುರು ಮಾಡ್ತಾರೆ. ಅಕ್ಕಿ ಎಳೆಯುವ ಪಾತ್ರೆ, 1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ-ಸೀತೆ ನಾಣ್ಯ... ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ ಸ್ವಾಮಿ! ಇನ್ನು ನಿಮ್ಮ ವಸ್ತು ನಿಜವಾಗಿಯೂ ಪುರಾತನವೇ ಅನ್ನಿ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಪುರಾತನ ವಸ್ತುವನ್ನು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವ ಹಾಗೇ ಇಲ್ಲ. ಅಂದಮೇಲೆ ಅಸಲಿಯಾದರೂ ಲಂಡನ್ ಬೆಲೆ ನಿಮ್ಮದಲ್ಲ, ನಕಲಿಯಾದರಂತೂ ಯಾವ ಬೆಲೆಯೂ ಇಲ್ಲ.

ಇಷ್ಟಾದರೂ ಜನ ಮನೆ ಅಡವಿಟ್ಟು "ಟೆಸ್ಟಿಂಗ್ ಚಾರ್ಜ್" ಕಟ್ತಾರೆ. ಮುಂದಿನ ಸಲ ಯಾರಾದರೂ ಕಾಗದ ತಂದರೆ ಒಂದೇ ಮಾತು ಕೇಳಿ: "ಬೆಲೆ ಆಮೇಲೆ ಹೇಳಿ, ಇದು ಅಸಲಿ ಅಂತ ಬರೆದು ಸಹಿ ಹಾಕಿದವರು ಯಾರು? ಅವರ ಹೆಸರೇನು, ಕಚೇರಿ ಎಲ್ಲಿದೆ?" ಎದುರಿಗಿದ್ದವರ ಮುಖ ನೋಡ್ತಾ ಇರಿ.