ಆಟದ ರೈಲು ಏಕೆ ತೊದಲಿತು?

ಕೆಟ್ಟ ಆಟಿಕೆಯೊಂದು ನಿಮ್ಮ ಮನೆಯ ಕಪಾಟಿನಲ್ಲಿಯೂ ಇದ್ದೀತು. ಅದನ್ನು ಎಸೆಯುವ ಮೊದಲು ಈ ಸಂಗತಿ ಕೇಳಿ.

ಹುಬ್ಬಳ್ಳಿ–ಗದಗ ರೈಲು ಮಾರ್ಗದ ಅಣ್ಣಿಗೇರಿಯಲ್ಲಿ ನನ್ನ ತಂಗಿಯ ಮನೆ. ದೀಪಾವಳಿಗೆ ಹೋದಾಗ ಅವಳ ಏಳು ವರ್ಷದ ಮಗ ಬೈಸಿಕೊಂಡು ಮೂಲೆ ಹಿಡಿದಿದ್ದ. ಮಾತನಾಡುತ್ತ ಓಡುವ ಆಟದ ರೈಲನ್ನು ಕೆಡಿಸಿದನೆಂಬುದು ಆರೋಪ. "ನಾ ಏನೂ ಮಾಡಿಲ್ಲ ಮಾಮಾ" ಎಂದ.

ಗುಂಡಿ ಒತ್ತಿದೆ. ಮಾತು ಆರಂಭವಾಯಿತು. ಚಕ್ರ ತಿರುಗಿದ್ದೇ ತಡ, ಮಾತು ತುಂಡಾಗಿ ಮತ್ತೆ ಮೊದಲಿನಿಂದ ಶುರು! ಧ್ವನಿಯ ಚಿಪ್ ಸತ್ತಿದ್ದರೆ ಮಾತೇ ಬರುತ್ತಿರಲಿಲ್ಲ. ಮೋಟಾರು ಸುಟ್ಟಿದ್ದರೆ ಚಕ್ರ ತಿರುಗುತ್ತಿರಲಿಲ್ಲ. ಇಬ್ಬರೂ ಆರೋಗ್ಯವಂತರೇ. ಊಟ ಬಡಿಸುವಲ್ಲೇ ಕೊರತೆ.

ಮೂರೂ ಸೆಲ್ ಹೊಸವು. ಮೋಟಾರು ನಿಂತಿದ್ದಾಗ ಮೀಟರು 4.5 ವೋಲ್ಟ್ ತೋರಿಸಿತು. ಓಡಿದಾಗ 3ಕ್ಕೆ ಇಳಿಯಿತು. ಸೆಲ್ ಕೂರಿಸುವ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ, ತುಕ್ಕು. ಅಲ್ಲಿ 3 ಓಮ್ ತಡೆಯಿದ್ದು, ಮೋಟಾರು ಅರ್ಧ ಆಂಪಿಯರ್ ಎಳೆದರೆ, 1.5 ವೋಲ್ಟ್ ದಾರಿಯಲ್ಲೇ ನಷ್ಟ. ಉಳಿದದ್ದು ಚಿಪ್‌ಗೆ ಸಾಲದೆ ಅದು ಮತ್ತೆ ಮೊದಲಿನಿಂದ ಹೇಳುತ್ತದೆ. ಕೆರೆ ತುಂಬಿದ್ದರೂ ತೂಬಿನಲ್ಲಿ ಹೂಳು!

ಆ ಪುಡಿ ಬಂದದ್ದೆಲ್ಲಿಂದ? ಜೂನ್‌ನಲ್ಲಿ ಶಾಲೆ ಶುರುವಾದಾಗ ಓದಿಗೆ ಅಡ್ಡಿಯೆಂದು ಹಿರಿಯರೇ ರೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು, ಸೆಲ್ ತೆಗೆಯದೆ. ಆಲ್ಕಲೈನ್ ಸೆಲ್ ಸೋರಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಹೊರಬಂದು ಲೋಹವನ್ನು ತಿನ್ನುತ್ತದೆ. ಕೈಗೆ, ಕಣ್ಣಿಗೆ ತಾಗಬಾರದು.

ಹತ್ತಿಗೆ ನಿಂಬೆರಸ ಹಚ್ಚಿ ಒರೆಸಿದೆ. ಕ್ಷಾರಕ್ಕೆ ಆಮ್ಲವೇ ಮದ್ದು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ನಯವಾದ ಉಪ್ಪುಕಾಗದದಿಂದ ಉಜ್ಜಿ ಹೊಳಪು ತಂದೆ. ಇಷ್ಟಕ್ಕೂ ಸರಿಹೋಗದಿದ್ದರೆ ನೀವು ಮೋಟಾರಿನ ತುದಿಗಳನ್ನು ನೋಡಿ. ಅದರ ಕಿಡಿಯ ಗದ್ದಲ ತಡೆಯುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಕಾಲು ಮುರಿದಿರಬಹುದು, ಬೆಸುಗೆ ಹಾಕಿದರಾಯಿತು. ಕಪ್ಪು ಅಂಟಿನ ಹನಿಯೊಳಗಿನ ಚಿಪ್ಪನ್ನು ಮಾತ್ರ ಮನೆಯಲ್ಲಿ ರಿಪೇರಿ ಮಾಡಲಾಗದು. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯ ಆಟಿಕೆಯನ್ನು ತಿಳಿದವರಿಗೇ ಕೊಡಿ.

ಕೊನೆಯ ಸ್ಕ್ರೂ ಬಿಗಿದವನು ಹುಡುಗನೇ. ರೈಲು ಪಡಸಾಲೆಯುದ್ದಕ್ಕೂ ಓಡುತ್ತ, ತಡೆಯಿಲ್ಲದೆ ಮಾತನಾಡಿತು. ತಂಗಿ ಮಗನನ್ನು ಹತ್ತಿರ ಕರೆದು, "ತಪ್ಪು ನಂದ ಅದ" ಎಂದಳು.

ಆಟಿಕೆ ಎತ್ತಿಡುವಾಗ ಸೆಲ್ ತೆಗೆದಿಡಿ. ಕೆಟ್ಟರೆ, ಮಗುವನ್ನು ಬೈಯುವ ಮೊದಲು ಸ್ಪ್ರಿಂಗ್ ನೋಡಿ.