ತೊಗರಿಯ ಗಿಡ ಮತ್ತು ಕಣಜ
(ಕೊಂಡಾಪುರದ ಕನ್ನಡಿಗರ ಸಭೆಯಲ್ಲಿ ಆಡಿದ ಮಾತುಗಳು)



ಇಲ್ಲಿ ಸೇರಿರುವ ಅನೇಕರ ಮೂಲ ಕಲಬುರಗಿ, ಬೀದರ ಜಿಲ್ಲೆಗಳ ಕಪ್ಪು ನೆಲದಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆ ಆ ನೆಲವನ್ನು ಹೈದರಾಬಾದಿನಿಂದ ಬೇರ್ಪಡಿಸಿತು. ತೊಗರಿಯ ನಂಟು ಮಾತ್ರ ಕಡಿಯಲಿಲ್ಲ. ಆ ತೊಗರಿಯ ಕುರಿತೇ ಎರಡು ಮಾತು ಆಡಬಯಸುತ್ತೇನೆ.

1997-98ರಲ್ಲಿ ಅಲ್ಲಿಯ ತೊಗರಿ ಬೆಳೆ ಕಾಯಿಕೊರಕಕ್ಕೆ ತುತ್ತಾಯಿತು. ಸಾಲ ಮಾಡಿ ಸಿಂಪಡಿಸಿದ ಕೀಟನಾಶಕಕ್ಕೆ ಹುಳು ಬಗ್ಗಲಿಲ್ಲ. ರೈತರು ಆತ್ಮಹತ್ಯೆಗೆ ಶರಣಾದರು. ವಿಷದ ಬದಲು ಜೈವಿಕ ನಿಯಂತ್ರಣ ಬೇಕೆಂಬ ಒತ್ತಾಯಕ್ಕೆ ಈ ದುರಂತದ ಹಿನ್ನೆಲೆಯಿದೆ.

ಟ್ರೈಕೋಗ್ರಾಮ ಎಂಬ ಕಣಜ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಹುಳು ಹುಟ್ಟುವ ಮೊದಲೇ ನಾಶವಾಗುತ್ತದೆ. ಹಾಗಾದರೆ ಹೊಲದಲ್ಲಿ ಕಣಜಗಳನ್ನು ಬಿಟ್ಟರೆ ಸಾಲದೇ? ಸಾಲದು. ನಮಗೆ ಸಮೀಪದ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ 1990ರ ದಶಕದಲ್ಲಿ ನಡೆದ ಸಂಶೋಧನೆ ಇದನ್ನು ಸ್ಪಷ್ಟಪಡಿಸಿತು. ಜೋಳದ ಮೇಲಿನ ಮೊಟ್ಟೆಗಳನ್ನು ಧಾರಾಳವಾಗಿ ಹುಡುಕಿಕೊಳ್ಳುವ ಈ ಕಣಜ, ತೊಗರಿಯ ಹೂವು ಕಾಯಿಗಳ ಮೇಲಿರುವ ಅದೇ ಹುಳುವಿನ ಮೊಟ್ಟೆಗಳನ್ನು ಮುಟ್ಟುವುದು ತೀರ ವಿರಳ. ತೊಗರಿಕಾಯಿಯ ಮೇಲಿನ ರೋಮಗಳು ಅಂಟನ್ನು ಸ್ರವಿಸುತ್ತವೆ. ಕಣಜ ಅದರಲ್ಲಿ ಸಿಕ್ಕಿಬೀಳುತ್ತದೆ. ಕಡಲೆ ಗಿಡದಲ್ಲಿ ಆಮ್ಲವೇ ಅಡ್ಡಿ. ನಮ್ಮ ಹಿರಿಯರು ಗಿಡದ ಮೇಲೆ ಬಟ್ಟೆ ಹಾಸಿ ಇಬ್ಬನಿಯೊಡನೆ ಸಂಗ್ರಹಿಸುತ್ತಿದ್ದ ಕಡಲೆ ಹುಳಿ ಇದೇ. ಆದರೆ ಎಳೆಯ ಹುಳುವಿನೊಳಗೆ ಮೊಟ್ಟೆಯಿಡುವ ಕ್ಯಾಂಪೊಲೆಟಿಸ್ ಎಂಬ ಇನ್ನೊಂದು ಕಣಜ ಕಡಲೆಯಲ್ಲಿ ಚೆನ್ನಾಗಿಯೇ ಬದುಕುತ್ತದೆ.

ಸಸ್ಯಹೇನುಗಳ ವಿಷಯದಲ್ಲಿಯೂ ಇದೇ ನ್ಯಾಯ. ಗಿಡದ ರಸ ಹೇನಿನ ಗಾತ್ರವನ್ನು ನಿರ್ಧರಿಸುತ್ತದೆ. ಹೇನಿನ ಗಾತ್ರ ಅದರೊಳಗೆ ಬೆಳೆಯುವ ಕಣಜದ ಗಾತ್ರವನ್ನು. ಕೀಟ ಮತ್ತು ಅದರ ಶತ್ರುವಿನ ನಡುವಿನ ಹೋರಾಟದಲ್ಲಿ ಗಿಡ ತಟಸ್ಥ ರಂಗಭೂಮಿಯಲ್ಲ, ಮೂರನೆಯ ಪಾತ್ರಧಾರಿ.

ಇಲ್ಲಿಯೇ ರಾಜಕೀಯದ ಪ್ರಶ್ನೆ ಹುಟ್ಟುತ್ತದೆ. ಎಲ್ಲ ಬೆಳೆಗೂ ಒಂದೇ ಪರಿಹಾರವನ್ನು ಹಂಚುವ ಯೋಜನೆ, ಅದು ವಿಷದ ಡಬ್ಬಿಯಾಗಿರಲಿ ಕಣಜದ ಕಾರ್ಡಾಗಿರಲಿ, ರೈತನನ್ನು ಮತ್ತೆ ಸಾಲಕ್ಕೇ ತಳ್ಳೀತು. ತೊಗರಿಗೆ ಬೇರೆ ದಾರಿಗಳಿವೆ: ಹುಳುವಿಗೆ ರೋಗ ತರುವ ಎನ್‌ಪಿವಿ ವೈರಾಣು, ಹಕ್ಕಿಗಳು ಕೂರಲು ನೆಡುವ ಕವೆಗೋಲು, ಗಿಡ ಅಲ್ಲಾಡಿಸಿ ಹುಳು ಉದುರಿಸುವ ರೈತರ ಹಳೆಯ ಪದ್ಧತಿ. ಪಟಾಂಚೆರುವಿನ ಅರಿವು ಕಲಬುರಗಿಯ ಹೊಲವನ್ನು ಕನ್ನಡದಲ್ಲಿ ತಲುಪಬೇಕು. ಎರಡೂ ಕಡೆಯ ಋಣವಿರುವ ನಾವು ಆ ಕೆಲಸಕ್ಕೆ ಕೈಜೋಡಿಸಬೇಕೆಂದು ಕೋರುತ್ತೇನೆ.