ಬೆಂಕಿ, ತೊಗಲು, ಕಡಗ
(ಹಾಸ್ಟೆಲಿನ ಗೆಳೆಯರ ಮುಂದೆ ಆಡಿದ ಮಾತು)



ಕವಿತೆ ಓದ್ತಾರೆ ಅಂತ ನಮ್ಮನ್ನು ಕರೆದಿರಿ. ನಾವು ಚೀಲದಲ್ಲಿ ತಂದಿರೋದು ಸುತ್ತಿಗೆ, ಕೊಡತಿ, ಅರ, ನಾಲ್ಕು ತಾಮ್ರದ ಪಟ್ಟಿ. ಹಿಂದೆ ಕೂತ ಯಾರೋ ನಕ್ಕರು. ನಗಲಿ. ಬಿ.ಎ. ಮುಗಿಸಿದವನು ಸುತ್ತಿಗೆ ಹಿಡಿದರೆ ಹಿಂದಕ್ಕೆ ನಡೆದ ಹಾಗೆ ಅಂತ ನಾವೂ ಅಂದುಕೊಂಡಿದ್ದವರೇ.

ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರು ಏನು ಉಡಬೇಕು, ಯಾವುದರಲ್ಲಿ ಉಣ್ಣಬೇಕು ಅಂತ ಹೇಳಿ, ಅವರ ಒಡವೆ ಕಬ್ಬಿಣದ್ದಾಗಿರಬೇಕು ಅಂತಲೂ ಹೇಳುತ್ತದೆ. ಮೈಮೇಲಿನ ಲೋಹ ಕಂಡರೇ ಜಾತಿ ಗೊತ್ತಾಗಬೇಕು! ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಅದೇ ಸತ್ಯಾಗ್ರಹದ ದಿನಗಳಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳ ಜೊತೆ ಬೇರೆಯಾಗಿ ಮಾತಾಡಿದರು. ಮೊಣಕೈವರೆಗೆ ಏರಿಸಿದ ಬೆಳ್ಳಿ, ತವರದ ಬಳೆಗಳು ನಿಮ್ಮನ್ನು ಅಸ್ಪೃಶ್ಯರೆಂದು ದೂರದಿಂದಲೇ ಸಾರುತ್ತವೆ, ಬಿಡಿ. ಹಾಕಲೇಬೇಕೆಂದರೆ ಚಿನ್ನ ಹಾಕಿ ಅನ್ನುವುದು ಆ ಮಾತಿನ ತಿರುಳು.

ಹಂಗಾದ್ರೆ ನೀವ್ಯಾಕೆ ಮತ್ತೆ ಕಡಗ ತಂದ್ರಿ ಅಂತ ಕೇಳ್ತೀರಿ. ಕೇಳಬೇಕಾದ್ದೇ. ಕೆಲಸ ನೋಡಿ, ಆಮೇಲೆ ಜಗಳ ಆಡೋಣ.

ಮಣಿಕಟ್ಟಿನ ಸುತ್ತಳತೆ ಆರೂವರೆ ಇಂಚಿದ್ದರೆ ಪಟ್ಟಿ ಐದೂಮುಕ್ಕಾಲು ಇಂಚು ಸಾಕು. ಉಳಿದದ್ದು ಕಡಗದ ಬಾಯಿ. ಅಗಲ ಮುಕ್ಕಾಲು ಇಂಚು, ದಪ್ಪ 1.2 ಮಿಲಿಮೀಟರು. ನೆರಳಿರುವ ಕಡೆ ಕೂತು ಕಾಸಬೇಕು. ಬಿಸಿಲಲ್ಲಿ ಬಣ್ಣ ಮೋಸ ಮಾಡ್ತದೆ. ಮಬ್ಬು ಕೆಂಪು ಬಂತೋ, ನೀರಿಗೆ ಅದ್ದಿ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗ್ತದೆ, ತಾಮ್ರ ಮೆತ್ತಗೇ ಉಳೀತದೆ. ಮೇಲೆ ಕಟ್ಟಿದ ಕರಿಯನ್ನು ಹುಣಸೆಹುಳಿ, ಉಪ್ಪಿನಲ್ಲಿ ನೆನೆಸಿ ಉಜ್ಜಿ ತೆಗೀಬೇಕು.

ಈಗ ಬಡಿತ. ಪಟ್ಟಿ ಚಪ್ಪಟೆ ಇರುವಾಗಲೇ ಚುಕ್ಕಿ ಬೀಳುವಂತೆ ಸುತ್ತಿಗೆ ಆಡಿಸಬೇಕು. ಸುತ್ತಿಗೆಯ ಮುಖ ಕನ್ನಡಿಯಂತಿರಲಿ, ಅದರಲ್ಲೊಂದು ಗೀರಿದ್ದರೆ ಪ್ರತಿ ಏಟಿಗೂ ಆ ಗೀರು ತಾಮ್ರದ ಮೇಲೆ ಅಚ್ಚಾಗ್ತದೆ. ಒಂದೇ ಅಂಚಿಗೆ ಬಡಿದರೆ ಆ ಅಂಚು ಹಿಗ್ಗಿ ಪಟ್ಟಿ ಕುಡುಗೋಲಿನ ಹಾಗೆ ಬಾಗ್ತದೆ. ಬಡಿದಷ್ಟೂ ಪಟ್ಟಿ ಉದ್ದವಾಗ್ತದೆ, ಬಿರುಸೂ ಆಗ್ತದೆ. ಸುತ್ತಿಗೆಯ ಸದ್ದು ಮಂದದಿಂದ ಟಣ್ ಅನ್ನೋಕೆ ತಿರುಗಿದರೆ ನಿಲ್ಲಿಸಿ ಮತ್ತೆ ಕಾಸಿ. ನಾವು ಅವಸರದಲ್ಲಿ ಕಾಸದೇ ಬಡಿದ ಮೊದಲ ಕಡಗ ಇಗೋ, ನಡುವೆ ಬಿರುಕು. ಕೈಯಿಂದ ಕೈಗೆ ದಾಟಿಸಿ ನೋಡಿ.

ಬಗ್ಗಿಸೋ ಮೊದಲೇ ಮೂಲೆಗಳನ್ನು ಅರದಿಂದ ದುಂಡು ಮಾಡಿ. ಆಮೇಲೆ ದುಂಡು ಕೊರಡಿನ ಮೇಲೆ ಮೊದಲು ಎರಡು ತುದಿ, ಕೊನೆಗೆ ನಡು. ನಡುವನ್ನು ಮೊದಲು ಬಗ್ಗಿಸಿದಿರೋ, ತುದಿಗಳು ಕೋಡಿನ ಹಾಗೆ ನೆಟ್ಟಗೇ ನಿಲ್ತವೆ. ಇಲ್ಲಿ ಸುತ್ತಿಗೆ ಬೇಡ, ಚುಕ್ಕಿ ಅಳಿಸಿಹೋಗ್ತದೆ. ಈ ಕೊಡತಿ ಹಿಡೀರಿ. ಇದರ ತಲೆ ಮರದ್ದಲ್ಲ, ಮುಟ್ಟಿ ನೋಡಿ. ತೊಗಲು! ಹದ ಮಾಡದ ತೊಗಲನ್ನು ಸುರುಳಿ ಸುತ್ತಿ ಒಣಗಿಸಿದ್ದು. ಬಗ್ಗಿಸ್ತದೆ, ಗಾಯ ಮಾಡೋದಿಲ್ಲ. ಕುಲುಮೆಗೆ ಉಸಿರು ಕೊಡ್ತಿದ್ದ ತಿದಿಯೂ ತೊಗಲಿನದ್ದೇ. ತೊಗಲು ಒಳಗೆ ಹೋಯಿತು, ತೊಗಲಿನ ಕೆಲಸದವನು ಊರ ಹೊರಗೆ ನಿಂತ. ಆ ಕಡಗದಲ್ಲಿ ಅವನ ಪಾಲು ಯಾರೂ ಬರೆದಿಡಲಿಲ್ಲ.

ಕೊನೆಗೆ ಅಂಚಿಗೆ ಅರ, ಆಮೇಲೆ ಉಪ್ಪುಕಾಗದ, ದೊರಗಿನಿಂದ ನುಣುಪಿಗೆ. ಒಳಮೈಯನ್ನು ಮರೆಯಬೇಡಿ. ನೋಡೋರಿಗೆ ಹೊರಮೈ, ತೊಡೋರಿಗೆ ಒಳಮೈ. ಬಗ್ಗಿಸಿದ ಮೇಲೆ ಕಾಸಬೇಡಿ. ಕೊರಡಿನ ಮೇಲೆ ಹಗುರಾಗಿ ಕೊಡತಿ ಆಡಿಸಿದರೆ ಬಿರುಸು ಬಂದು ಆಕಾರ ನಿಲ್ತದೆ. ಬೆವರಿಗೆ ಕೈ ಹಸಿರಾದೀತು, ತೊಳೆದರೆ ಹೋಗ್ತದೆ. ತಾಮ್ರ ವಾತ ಎಳೀತದೆ ಅಂತ ಯಾರಿಗೂ ಸುಳ್ಳು ಹೇಳಿ ಮಾರಬೇಡಿ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಸಂಧಿವಾತದ ರೋಗಿಗಳಿಗೆ ತೊಡಿಸಿ ಮಾಡಿದ ಪರೀಕ್ಷೆಯ ವರದಿ 2013ರಲ್ಲಿ ಪ್ರಕಟವಾಯಿತು, ವಿಶೇಷ ಗುಣ ಏನೂ ಕಾಣಲಿಲ್ಲ.

ನಮ್ಮ ಎರಡನೇ ಕಡಗವನ್ನು ಅವ್ವನಿಗೆ ಕೊಟ್ಟೆವು. ಹಿಡಿಸಲಿಲ್ಲ. ಕಳೆ ಕಿತ್ತು, ಕಲ್ಲು ಹೊತ್ತ ಕೈ. ನಾವು ನಮ್ಮ ಲೇಖನಿ ಹಿಡಿದ ಕೈಯ ಅಳತೆಗೆ ಬಡಿದಿದ್ದೆವು. ಮೂರನೆಯದನ್ನು ಅವಳ ಕೈಗೆ ದಾರ ಸುತ್ತಿ ಅಳೆದು ಬಡಿದೆವು. ಅವಳು ತಕ್ಷಣ ತೊಡಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದಳು.

“ಇದು ಬಿಚ್ಚೋಕೆ ಬರ್ತದೇನ್ಲಾ?”

ಬರ್ತದೆ ಅಂದೆವು. ಬಾಯಿ ಅಗಲಿಸಿ ಎಳೀಬೇಡ, ದಿನಾ ಎಳೆದರೆ ಮುರೀತದೆ. ಮಣಿಕಟ್ಟಿನ ಪಕ್ಕಕ್ಕೆ ತಂದು ಓರೆಯಾಗಿ ಜಾರಿಸು ಅಂತ ತೋರಿಸಿದೆವು. ಅವಳು ಹಾಕಿದಳು, ತೆಗೆದಳು, ಮತ್ತೆ ತೆಗೆದು ನೋಡಿದಳು. ಆಮೇಲೆ ಹಾಕಿಕೊಂಡು ಕೆಲಸಕ್ಕೆ ಹೋದಳು.

ಪಟ್ಟಿ ನಾಲ್ಕಿವೆ. ಹಿಂದೆ ನಕ್ಕ ಗೆಳೆಯ ಮೊದಲು ಬರಲಿ. ದಾರ ಯಾರ ಹತ್ರ ಇದೆ?